ಓದುಗರ ಪ್ರಶ್ನೆ, ನಮ್ಮ ಉತ್ತರ: ಹವಾಯಿ ವಿಶ್ವವಿದ್ಯಾಲಯದ ಆಟ ಮತ್ತು ಪಾಠ

ಪೆಸಿಫಿಕ್ ಸಾಗರದ ನಡುವೆ ಇರುವ ಹವಾಯಿ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಆಯ್ದ ಕೆಲವಕ್ಕೆ ಇಲ್ಲಿ ಉತ್ತರವಿದೆ. ಒಂದೇ ವಿಷಯ ಕೇಳಿದ ಪತ್ರಗಳನ್ನು ಒಟ್ಟು ಸೇರಿಸಿದ್ದೇವೆ.

ಪ್ರಶ್ನೆ: ಹವಾಯಿಯಲ್ಲಿ ಒಂದು ಕಾಲೇಜು ತಂಡದ ಆಟ ನೋಡಲು ಇಡೀ ಊರೇ ಸೇರುತ್ತದಂತೆ. ನಮ್ಮಲ್ಲಿ ವಿ.ವಿ. ತಂಡ ಗೆದ್ದರೆ ಹಾಸ್ಟೆಲ್‌ನವರಿಗೂ ಗೊತ್ತಾಗುವುದಿಲ್ಲ. ಅಲ್ಲಿ ಹಾಗೇಕೆ? (ಪದವಿ ವಿದ್ಯಾರ್ಥಿ, ಶಿವಮೊಗ್ಗ)

ಮುಖ್ಯ ಕಾರಣ, ಆ ರಾಜ್ಯದಲ್ಲಿ ದೊಡ್ಡ ವೃತ್ತಿಪರ ತಂಡವೇ ಇಲ್ಲ. ಹವಾಯಿಯ ಜನಸಂಖ್ಯೆ ಸುಮಾರು 14 ಲಕ್ಷ, ನಿಮ್ಮ ಶಿವಮೊಗ್ಗ ಜಿಲ್ಲೆಗಿಂತ ಕಡಿಮೆ. ಅದೂ ಹಲವು ದ್ವೀಪಗಳಲ್ಲಿ ಹಂಚಿಹೋಗಿದೆ. ಹೀಗಾಗಿ ಅಮೆರಿಕದ ಫುಟ್‌ಬಾಲ್, ಬೇಸ್‌ಬಾಲ್, ಬ್ಯಾಸ್ಕೆಟ್‌ಬಾಲ್ ಲೀಗ್‌ಗಳು ಅಲ್ಲಿ ತಂಡ ಇಟ್ಟಿಲ್ಲ. ಆ ಜಾಗವನ್ನು ತುಂಬಿರುವುದು ಸರ್ಕಾರಿ ವಿಶ್ವವಿದ್ಯಾಲಯ.

1907ರಲ್ಲಿ ಕೃಷಿ ಮತ್ತು ಯಂತ್ರಕಲೆಗಳ ಕಾಲೇಜಾಗಿ ಶುರುವಾದ ಸಂಸ್ಥೆ 1912ರಲ್ಲಿ ಹೊನೊಲುಲು ನಗರದ ಮಾನೋವಾ ಕಣಿವೆಗೆ ಬಂತು, 1920ರಲ್ಲಿ ವಿಶ್ವವಿದ್ಯಾಲಯವಾಯಿತು. ಹವಾಯಿ ಅಮೆರಿಕದ ರಾಜ್ಯವಾದದ್ದು 1959ರಲ್ಲಿ. ಅಂದರೆ ರಾಜ್ಯಕ್ಕಿಂತ ವಿಶ್ವವಿದ್ಯಾಲಯವೇ ಹಳೆಯದು. ಇಂದು ಇಡೀ ವ್ಯವಸ್ಥೆಯಲ್ಲಿ 10 ಕ್ಯಾಂಪಸ್‌ಗಳಿವೆ: 3 ವಿಶ್ವವಿದ್ಯಾಲಯಗಳು ಮತ್ತು 7 ಸಮುದಾಯ ಕಾಲೇಜುಗಳು. ಸುದ್ದಿಯಲ್ಲಿ ಬರುವ ದೊಡ್ಡ ತಂಡಗಳೆಲ್ಲ ಮಾನೋವಾ ಕ್ಯಾಂಪಸ್ಸಿನವು.

1998ರಲ್ಲಿ ಫುಟ್‌ಬಾಲ್ (ಕಾಲಲ್ಲಿ ಒದೆಯುವ ನಮ್ಮ ಆಟವಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕನ್ ಫುಟ್‌ಬಾಲ್) ತಂಡ 12 ಪಂದ್ಯ ಆಡಿ ಹನ್ನೆರಡನ್ನೂ ಸೋತಿತ್ತು. ಮರುವರ್ಷ ಜೂನ್ ಜೋನ್ಸ್ ಕೋಚ್ ಆಗಿ ಬಂದು, ಚೆಂಡನ್ನು ಹೆಚ್ಚಾಗಿ ಎಸೆದೇ ಆಡುವ 'ರನ್ ಅಂಡ್ ಶೂಟ್' ಪದ್ಧತಿ ತಂದರು. ಆ ವರ್ಷ 9 ಗೆಲುವು, 4 ಸೋಲು. 2007ರಲ್ಲಿ ಕೋಲ್ಟ್ ಬ್ರೆನನ್ ಮುಂದಾಳತ್ವದ ತಂಡ ಲೀಗ್ ಹಂತದ 12 ಪಂದ್ಯಗಳನ್ನೂ ಗೆದ್ದು, ಸೀಸನ್ ಕೊನೆಯ ದೊಡ್ಡ ಪಂದ್ಯಗಳಲ್ಲೊಂದಾದ ಶುಗರ್ ಬೌಲ್ ತಲುಪಿತು. 2008ರ ಜನವರಿ 1ರಂದು ನಡೆದ ಆ ಪಂದ್ಯದಲ್ಲಿ ಜಾರ್ಜಿಯಾ ವಿಶ್ವವಿದ್ಯಾಲಯದ ತಂಡ ಹವಾಯಿಯನ್ನು 41-10ರಿಂದ ಸೋಲಿಸಿತು. ಆದರೂ ದ್ವೀಪದವರು ಇಂದಿಗೂ ನೆನೆಯುವುದು ಆ ವರ್ಷವನ್ನೇ. ಈಗಿನ ಮುಖ್ಯ ಕೋಚ್ ಟಿಮ್ಮಿ ಚಾಂಗ್ ಇದೇ ತಂಡದ ಹಳೆಯ ಕ್ವಾರ್ಟರ್‌ಬ್ಯಾಕ್, ಅಂದರೆ ಪಾಸ್ ಎಸೆಯುವ ಆಟಗಾರ. 2000ದಿಂದ 2004ರವರೆಗೆ ಆಡಿ 17,072 ಗಜ ಪಾಸ್ ಎಸೆದು, ಆಗ ರಾಷ್ಟ್ರೀಯ ದಾಖಲೆ ಬರೆದವರು.

ಪ್ರಶ್ನೆ: ಪಂದ್ಯಗಳ ಸಮಯ ನಮ್ಮ ಗಡಿಯಾರಕ್ಕೆ ಹೊಂದಿಸುವುದು ಹೇಗೆ? ಹವಾಯಿ ತಂಡ ಬೇರೆಯವರಿಗಿಂತ ಒಂದು ಪಂದ್ಯ ಹೆಚ್ಚು ಆಡುವುದು ಹೇಗೆ ಸಾಧ್ಯ? (ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು)

ಭಾರತದಂತೆ ಹವಾಯಿಯಲ್ಲೂ ಬೇಸಿಗೆಗೆ ಗಡಿಯಾರ ಮುಂದೂಡುವ ಪದ್ಧತಿ ಇಲ್ಲ. ಆದ್ದರಿಂದ ವರ್ಷವಿಡೀ ಅಂತರ ಒಂದೇ, 15 ಗಂಟೆ 30 ನಿಮಿಷ, ನಾವು ಮುಂದೆ. ನಮ್ಮ ಸಮಯಕ್ಕೆ 8 ಗಂಟೆ 30 ನಿಮಿಷ ಕೂಡಿಸಿ, ದಿನಾಂಕ ಒಂದು ಹಿಂದಿಡಿ. ಭಾನುವಾರ ಬೆಳಿಗ್ಗೆ 9:30ಕ್ಕೆ ಹೀಗೆ ಮಾಡಿದರೆ ಅಲ್ಲಿಯ ಶನಿವಾರ ಸಂಜೆ 6 ಸಿಗುತ್ತದೆ. ತವರಿನ ಸಂಜೆ ಪಂದ್ಯಗಳು ನಮಗೆ ಭಾನುವಾರದ ತಿಂಡಿಯ ಹೊತ್ತಿಗೆ ಬೀಳುವುದು ಹೀಗೆ. ವೇಳಾಪಟ್ಟಿ ನೋಡುವಾಗ ಒಂದು ಎಚ್ಚರ ಇರಲಿ: ಅಮೆರಿಕದ ಜಾಲತಾಣಗಳು ಪೂರ್ವ ಕರಾವಳಿಯ ಸಮಯವನ್ನೇ ಹಾಕಿರುತ್ತವೆ. ಅದಕ್ಕೂ ಹೊನೊಲುಲುಗೂ ಬೇಸಿಗೆಯಲ್ಲಿ 6, ಚಳಿಗಾಲದಲ್ಲಿ 5 ಗಂಟೆ ಅಂತರ. ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರ ಬದಲಾಗುತ್ತದೆ. ಲೆಕ್ಕ ತಪ್ಪುವುದು ಆ ವಾರದಲ್ಲೇ.

ಹೆಚ್ಚುವರಿ ಪಂದ್ಯ ಅಧಿಕೃತ ನಿಯಮವೇ. ಅಮೆರಿಕದ ಕಾಲೇಜು ಕ್ರೀಡೆಯ ಆಡಳಿತ ಮಂಡಳಿ ಎನ್‌ಸಿಎಎ ಸಾಮಾನ್ಯವಾಗಿ ಒಂದು ಫುಟ್‌ಬಾಲ್ ತಂಡಕ್ಕೆ 12 ಲೀಗ್ ಪಂದ್ಯ ಕೊಡುತ್ತದೆ. ಹವಾಯಿಗೆ 13 ಆಡಲು ಅವಕಾಶವಿದೆ. ಹವಾಯಿಗೆ ಬಂದು ಆಡುವ ತಂಡಕ್ಕೂ ಅದೇ ರಿಯಾಯಿತಿ. ಹೀಗೆ ಸಿಕ್ಕ ಹೆಚ್ಚುವರಿ ಪಂದ್ಯವನ್ನು ಆ ತಂಡ ತನ್ನ ತವರಿನಲ್ಲಿ ಇಟ್ಟುಕೊಂಡರೆ ಟಿಕೆಟ್ ಹಣದಲ್ಲಿ ದ್ವೀಪದ ವಿಮಾನ ಖರ್ಚು ಸರಿತೂಗುತ್ತದೆ. ಈ ರಿಯಾಯಿತಿ ಇಲ್ಲದಿದ್ದರೆ ಅಷ್ಟು ದೂರ ಬಂದು ಆಡಲು ದೊಡ್ಡ ತಂಡಗಳನ್ನು ಒಪ್ಪಿಸುವುದು ಬಹಳ ಕಷ್ಟವಾಗುತ್ತಿತ್ತು.

ಪ್ರಶ್ನೆ: ಇಷ್ಟು ದೂರದ ತಂಡಕ್ಕೆ ಪ್ರತಿ ಪಂದ್ಯಕ್ಕೂ ವಿಮಾನ ಬೇಕು. ಖರ್ಚು ಯಾರದು? ಹುಡುಗರ ಓದಿನ ಗತಿ ಏನು? (ಅರ್ಥಶಾಸ್ತ್ರ ಉಪನ್ಯಾಸಕರು, ತುಮಕೂರು)

ಈ ಕ್ರೀಡಾ ವಿಭಾಗದ ಪ್ರತಿಯೊಂದು ನಿರ್ಧಾರದ ಹಿಂದೆಯೂ ಈ ದೂರ ಇದೆ. ಹೊನೊಲುಲುವಿನಿಂದ ಲಾಸ್ ಏಂಜಲೀಸ್ ಸುಮಾರು 4,100 ಕಿ.ಮೀ. ಪಶ್ಚಿಮದಿಂದ ಬೀಸುವ ಮೇಲ್ಗಾಳಿಯ ಬಲದಿಂದ ಹೋಗುವಾಗ ಸುಮಾರು 5 ಗಂಟೆ, ಎದುರುಗಾಳಿಯಿಂದ ಬರುವಾಗ ಸುಮಾರು 6 ಗಂಟೆ. ಇದು ಅತಿ ಹತ್ತಿರದ ಎದುರಾಳಿಗಳ ಲೆಕ್ಕ. ಮುಖ್ಯಭೂಮಿಯ ಕಾಲೇಜೊಂದು ಬಸ್ಸು ಹತ್ತಿ ಮುಗಿಸುವ ಪ್ರವಾಸಕ್ಕೆ ಇವರಿಗೆ ವಿಮಾನ, ಹೋಟೆಲು, ಮೂರು ನಾಲ್ಕು ದಿನದ ಊಟ ಎಲ್ಲವೂ ಬೇಕು.

2012ರಲ್ಲಿ ಫುಟ್‌ಬಾಲ್ ತಂಡ ಮೌಂಟನ್ ವೆಸ್ಟ್ ಕೂಟಕ್ಕೂ ಉಳಿದ ಹೆಚ್ಚಿನ ತಂಡಗಳು ಬಿಗ್ ವೆಸ್ಟ್ ಕೂಟಕ್ಕೂ ಸೇರಿದವು (ಕೂಟ ಎಂದರೆ ಇಲ್ಲಿ ಪ್ರತಿ ವರ್ಷ ತಮ್ಮತಮ್ಮಲ್ಲೇ ಆಡುವ ಕಾಲೇಜುಗಳ ಗುಂಪು). ಆಗ ಹವಾಯಿ ಒಪ್ಪಿಕೊಂಡ ಷರತ್ತು ಗಮನಿಸಿ: ತನ್ನ ಪ್ರಯಾಣದ ಖರ್ಚಿನ ಜೊತೆಗೆ, ತನ್ನಲ್ಲಿಗೆ ಬರುವ ತಂಡಗಳ ಪ್ರಯಾಣಕ್ಕೂ ಸಹಾಯಧನ ಕೊಡಬೇಕು. ಕೂಟ ಸೇರಲು ದ್ವೀಪ ತೆತ್ತ ಬೆಲೆ ಇದು. ನಮ್ಮ ದೃಷ್ಟಿಯಲ್ಲಿ ಸರ್ಕಾರಿ ವಿಶ್ವವಿದ್ಯಾಲಯವೊಂದರ ಮೇಲೆ ಇದು ನ್ಯಾಯವಾದ ಹೊರೆಯಲ್ಲ. ಆದರೆ ಕೂಟವಿಲ್ಲದ ತಂಡಕ್ಕೆ ಪಂದ್ಯಪಟ್ಟಿಯೂ ಇಲ್ಲ, ಟಿವಿ ಹಣವೂ ಇಲ್ಲ. ಹಾಗಾಗಿ ಅವರಿಗೆ ಬೇರೆ ದಾರಿ ಇರಲಿಲ್ಲ.

ಓದು ಉಳಿಸಲು ಮಾಡುವ ಮೊದಲ ಉಪಾಯ ಪ್ರವಾಸಗಳನ್ನು ಜೋಡಿಸುವುದು. 2026ರ ಜುಲೈವರೆಗಿನ ಬಿಗ್ ವೆಸ್ಟ್‌ನಲ್ಲಿ ಹವಾಯಿ ಬಿಟ್ಟು ಉಳಿದವೆಲ್ಲ ಕ್ಯಾಲಿಫೋರ್ನಿಯಾದ ಕಾಲೇಜುಗಳು. ಬ್ಯಾಸ್ಕೆಟ್‌ಬಾಲ್ ತಂಡ ಗುರುವಾರ ಒಂದು ಊರಲ್ಲಿ, ಶನಿವಾರ ಪಕ್ಕದ ಊರಲ್ಲಿ ಆಡಿ ಒಂದೇ ಹಾರಾಟದಲ್ಲಿ ಎರಡು ಪಂದ್ಯ ಮುಗಿಸುತ್ತದೆ. ಆದರೂ ಬುಧವಾರದಿಂದ ಶುಕ್ರವಾರದವರೆಗಿನ ತರಗತಿಗಳು ತಪ್ಪುತ್ತವೆ. ಆದ್ದರಿಂದ ಕ್ರೀಡಾಪಟುಗಳು ಸೆಮಿಸ್ಟರ್ ಆರಂಭದಲ್ಲೇ ಪ್ರವಾಸದ ಪಟ್ಟಿಯನ್ನು ಪ್ರಾಧ್ಯಾಪಕರಿಗೆ ಕೊಟ್ಟು, ಪರೀಕ್ಷೆಗಳ ಬದಲಿ ದಿನಾಂಕ ಗೊತ್ತು ಮಾಡಿಕೊಳ್ಳಬೇಕಾಗುತ್ತದೆ. ಪ್ರಯೋಗಾಲಯದ ವಿಷಯಗಳಲ್ಲೇ ಹೆಚ್ಚು ತೊಂದರೆ. ಪಾಠವನ್ನು ಧ್ವನಿಮುದ್ರಣದಲ್ಲಿ ಕೇಳಬಹುದು, ಪ್ರಯೋಗವನ್ನು ಹಾಗೆ ಮಾಡಲಾಗದು. ಸೀಸನ್ ನಡೆಯುವ ಸೆಮಿಸ್ಟರ್‌ನಲ್ಲಿ ಪ್ರಯೋಗಾಲಯವಿರುವ ವಿಷಯಗಳನ್ನು ಕಡಿಮೆ ಮಾಡಿಕೊಳ್ಳುವುದು ಜಾಣತನ.

ದೇಹದ ಗಡಿಯಾರ ಇನ್ನೊಂದು ಸಮಸ್ಯೆ. ಪೂರ್ವಕ್ಕೆ ಹಾರಿದರೆ ದೇಹ ಬೇಗ ಮಲಗಬೇಕು, ಬೇಗ ಏಳಬೇಕು. ತಡವಾಗಿ ಮಲಗುವುದಕ್ಕಿಂತ ಅದು ಕಷ್ಟ. ಸೆಪ್ಟೆಂಬರ್‌ನಲ್ಲಿ ಪೂರ್ವ ಕರಾವಳಿಯಲ್ಲಿ ಮಧ್ಯಾಹ್ನ 12ಕ್ಕೆ ಪಂದ್ಯವಿದ್ದರೆ ಹೊನೊಲುಲುವಿಗೆ ಒಗ್ಗಿದ ದೇಹಕ್ಕೆ ಆಗ ಬೆಳಗಿನ 6. ಒಂದೆರಡು ದಿನ ಮೊದಲೇ ಹೊರಡುವುದು, ಹೊರಡುವ ಮುಂಚೆಯೇ ದಿನಕ್ಕೆ ಒಂದು ಗಂಟೆಯಂತೆ ಮಲಗುವ ಹೊತ್ತನ್ನು ಹಿಂದೆ ತರುವುದು, ತಲುಪಿದ ಊರಿನ ಬೆಳಗಿನ ಬಿಸಿಲಿಗೆ ಮೈಯೊಡ್ಡುವುದು ಇದಕ್ಕೆ ಇರುವ ಪರಿಹಾರಗಳು.

2026ರ ಜುಲೈಯಿಂದ ಫುಟ್‌ಬಾಲ್ ಮಾತ್ರವಲ್ಲದೆ ಉಳಿದ ಹೆಚ್ಚಿನ ಆಟಗಳನ್ನೂ ಮೌಂಟನ್ ವೆಸ್ಟ್‌ಗೆ ಒಯ್ಯುವ ನಿರ್ಧಾರವನ್ನು 2024ರಲ್ಲೇ ಪ್ರಕಟಿಸಲಾಯಿತು. ಆ ಕೂಟದಲ್ಲಿ ಪುರುಷರ ವಾಲಿಬಾಲ್ ಇಲ್ಲ, ಆ ತಂಡಕ್ಕೆ ಬಿಗ್ ವೆಸ್ಟೇ ಗತಿ. ಈ ಬದಲಾವಣೆಯಿಂದ ಎತ್ತರದ ಸಮಸ್ಯೆ ಬ್ಯಾಸ್ಕೆಟ್‌ಬಾಲ್, ವಾಲಿಬಾಲ್ ಹುಡುಗಿಯರಿಗೂ ಬರುತ್ತದೆ. ವಯೋಮಿಂಗ್ ವಿಶ್ವವಿದ್ಯಾಲಯ ಇರುವ ಲಾರಮಿ ಊರು ಸಮುದ್ರಮಟ್ಟದಿಂದ ಸುಮಾರು 2,200 ಮೀಟರ್ ಮೇಲಿದೆ, ನಮ್ಮ ಮುಳ್ಳಯ್ಯನಗಿರಿಗಿಂತಲೂ ಎತ್ತರ. ಅಲ್ಲಿ ಗಾಳಿ ತೆಳು, ಬೇಗ ಏದುಸಿರು ಬರುತ್ತದೆ, ಬಾಯಿ ಒಣಗುತ್ತದೆ. ಚೆಂಡಿಗೆ ಗಾಳಿಯ ತಡೆ ಕಡಿಮೆಯಾಗಿ ಅದು ದೂರ ಹೋಗುತ್ತದೆ. ಮೈ ಪೂರ್ತಿ ಒಗ್ಗಲು ಎರಡು ವಾರವಾದರೂ ಬೇಕು, ಯಾವ ತಂಡಕ್ಕೂ ಅಷ್ಟು ಬಿಡುವಿಲ್ಲ. ಆದ್ದರಿಂದ ಆಟಗಾರರನ್ನು ಹೆಚ್ಚು ಬದಲಾಯಿಸುತ್ತಾ ಆಡಿಸುವುದು, ನೀರು ಹೆಚ್ಚು ಕುಡಿಸುವುದು, ಸರ್ವ್ ಮಾಡುವವರಿಗೆ ಅಲ್ಲಿಯ ಅಂಕಣದಲ್ಲಿ ಹೆಚ್ಚು ಅಭ್ಯಾಸ ಕೊಡುವುದು, ಇಷ್ಟೇ ಸಾಧ್ಯ.

ಪ್ರಶ್ನೆ: ತಂಡಕ್ಕೆ 'ರೇನ್‌ಬೋ ವಾರಿಯರ್ಸ್' ಎಂಬ ಹೆಸರು ಹೇಗೆ ಬಂತು? (ಪ್ರೌಢಶಾಲಾ ವಿದ್ಯಾರ್ಥಿನಿ, ಶಿರಸಿ)

1923ರ ಫುಟ್‌ಬಾಲ್ ಸೀಸನ್ನಿನ ಕೊನೆಯ ಪಂದ್ಯದಲ್ಲಿ ಹವಾಯಿ ತಂಡ ಮುಖ್ಯಭೂಮಿಯ ಒರೆಗಾನ್ ಕೃಷಿ ಕಾಲೇಜನ್ನು ಅನಿರೀಕ್ಷಿತವಾಗಿ ಸೋಲಿಸಿತು. ಆಗ ಮೊಯಿಲಿಯಿಲಿ ಮೈದಾನದ ಮೇಲೆ ಕಾಮನಬಿಲ್ಲು ಮೂಡಿತ್ತು. ಪತ್ರಿಕೆಯವರು ತಂಡವನ್ನು ಕಾಮನಬಿಲ್ಲಿನ ಹೆಸರಿನಿಂದ ಕರೆಯತೊಡಗಿದರು. 2000ದಲ್ಲಿ ಫುಟ್‌ಬಾಲ್ ತಂಡ ಹೆಸರಿನಿಂದ ಕಾಮನಬಿಲ್ಲನ್ನು ಕೈಬಿಟ್ಟಿತು. ಅಭಿಮಾನಿಗಳಿಗೆ ಅದು ಹಿಡಿಸಲಿಲ್ಲ. 2013ರಿಂದ ಪುರುಷರ ತಂಡಗಳೆಲ್ಲ ಮತ್ತೆ ರೇನ್‌ಬೋ ವಾರಿಯರ್ಸ್, ಮಹಿಳೆಯರ ತಂಡಗಳು ರೇನ್‌ಬೋ ವಾಹಿನೆ.

ಮಾನೋವಾದಲ್ಲಿ ಕಾಮನಬಿಲ್ಲು ಅಷ್ಟು ಸಾಮಾನ್ಯವಾಗಲು ಕಾರಣ ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತ. ಅದು ಬೆಟ್ಟಸಾಲಿಗೆ ಬಡಿದು ತುಂತುರು ಸುರಿಸುತ್ತದೆ, ಆದರೆ ಆಕಾಶವನ್ನು ಪೂರ್ತಿ ಮುಚ್ಚುವುದಿಲ್ಲ. ನೋಡುವ ಉಪಾಯ ಶಿರಸಿಯಲ್ಲೂ ಅದೇ: ಸೂರ್ಯ ಬೆನ್ನಿಗಿರಬೇಕು, ಮಳೆ ಎದುರಿಗಿರಬೇಕು, ಸೂರ್ಯ ದಿಗಂತದಿಂದ 42 ಡಿಗ್ರಿಗಿಂತ ಕೆಳಗಿರಬೇಕು. ನಡುಮಧ್ಯಾಹ್ನ ನೆಲದ ಮೇಲೆ ನಿಂತು ಎಷ್ಟು ಹುಡುಕಿದರೂ ಕಾಣದು.

ಪ್ರಶ್ನೆ: ಅಲೋಹಾ ಸ್ಟೇಡಿಯಂ ತುಕ್ಕು ಹಿಡಿದು ಮುಚ್ಚಿತು ಎಂದು ಓದಿದೆ. ತುಕ್ಕು ನಿರೋಧಕ ಉಕ್ಕಿನಲ್ಲಿ ಕಟ್ಟಿದ್ದು ಹಾಗಾಗಲು ಏನು ಕಾರಣ? ನಮ್ಮ ಕರಾವಳಿಯ ಕ್ರೀಡಾಂಗಣಗಳಿಗೆ ಇದರಿಂದ ತಿಳಿಯುವುದು ಏನು? (ಸಿವಿಲ್ ಎಂಜಿನಿಯರಿಂಗ್ ಉಪನ್ಯಾಸಕರು, ಕಾರವಾರ)

ಬಹಳ ಉಪಯುಕ್ತ ಪ್ರಶ್ನೆ. ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ತವರು ಮೈದಾನವಾಗಿದ್ದ, 1975ರಲ್ಲಿ ತೆರೆದ ಅಲೋಹಾ ಸ್ಟೇಡಿಯಂನಲ್ಲಿ ಸುಮಾರು 50,000 ಆಸನಗಳಿದ್ದವು. ಫುಟ್‌ಬಾಲ್‌ಗೆ ಒಂದು ಆಕಾರ, ಬೇಸ್‌ಬಾಲ್‌ಗೆ ಇನ್ನೊಂದು ಆಕಾರ ಬರುವಂತೆ ಪ್ರೇಕ್ಷಕರ ಕಟ್ಟೆಯ ಭಾಗಗಳನ್ನು ಗಾಳಿಯ ಮೆತ್ತೆಯ ಮೇಲೆ ಎತ್ತಿ ಸರಿಸುವ ವ್ಯವಸ್ಥೆ ಅದರಲ್ಲಿತ್ತು. 2007ರಲ್ಲಿ ಅದನ್ನು ನಿಲ್ಲಿಸಿ ಕಟ್ಟೆಗಳನ್ನು ಸ್ಥಿರಗೊಳಿಸಿದರು.

ಬಳಸಿದ್ದು ವೆದರಿಂಗ್ ಸ್ಟೀಲ್. ಇದರಲ್ಲಿ ಸ್ವಲ್ಪ ತಾಮ್ರ, ಕ್ರೋಮಿಯಂ, ನಿಕಲ್ ಬೆರೆತಿರುತ್ತವೆ. ಇದು ತುಕ್ಕು ಹಿಡಿಯದ ಉಕ್ಕಲ್ಲ. ಮೊದಲು ತುಕ್ಕು ಹಿಡಿದು, ಆ ತುಕ್ಕೇ ಗಟ್ಟಿ ಪದರವಾಗಿ ಒಳಗಿನ ಲೋಹವನ್ನು ಕಾಯುವ ಉಕ್ಕು. ಬಣ್ಣದ ಖರ್ಚು ಉಳಿಯುತ್ತದೆ ಎಂಬುದೇ ಇದರ ಆಕರ್ಷಣೆ. ಆದರೆ ಆ ಪದರ ಕಟ್ಟಬೇಕಾದರೆ ಉಕ್ಕು ಒದ್ದೆಯಾಗಬೇಕು, ಮತ್ತೆ ಪೂರ್ತಿ ಒಣಗಬೇಕು, ಹೀಗೆ ಆಗುತ್ತಲೇ ಇರಬೇಕು. ಸಮುದ್ರಗಾಳಿಯ ಉಪ್ಪು ಇದನ್ನು ಎರಡು ರೀತಿ ಕೆಡಿಸುತ್ತದೆ. ಉಪ್ಪು ಗಾಳಿಯ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುವುದರಿಂದ ಉಕ್ಕು ಒಣಗುವುದೇ ಇಲ್ಲ. ಕ್ಲೋರೈಡ್ ಅಯಾನುಗಳು ಪದರದೊಳಗೆ ನುಗ್ಗಿ ಅದನ್ನು ಸಡಿಲ ಮಾಡುತ್ತವೆ, ತುಕ್ಕು ಹಾಳೆಹಾಳೆಯಾಗಿ ಕಳಚುತ್ತದೆ. ಕಳಚಿದ ಜಾಗದಲ್ಲಿ ಹೊಸ ಲೋಹ ತೆರೆದುಕೊಂಡು ಮತ್ತೆ ತುಕ್ಕು. ಎರಡು ತಗಡು ಕೂಡುವ ಸಂದು, ಬೋಲ್ಟಿನ ತಲೆ, ನೀರು ನಿಲ್ಲುವ ಮೂಲೆ ಮೊದಲು ಹೋಗುತ್ತವೆ. ಸಂದಿನಲ್ಲಿ ತುಕ್ಕು ಉಬ್ಬಿ ತಗಡುಗಳನ್ನೇ ಎಬ್ಬಿಸುತ್ತದೆ. ಆಮೇಲೆ ಬಣ್ಣ ಬಳಿಯಹೊರಟರೆ, ಒಳಗಿನ ಉಪ್ಪು ತೊಳೆಯದೆ ಮೇಲೆ ಎಷ್ಟು ಬಳಿದರೂ ನಿಲ್ಲುವುದಿಲ್ಲ.

2020ರ ಡಿಸೆಂಬರ್‌ನಲ್ಲಿ ಅಲ್ಲಿ ಹೊಸ ಕಾರ್ಯಕ್ರಮ ನಿಲ್ಲಿಸಿದರು. ವಿಶ್ವವಿದ್ಯಾಲಯ ಕೆಲವೇ ತಿಂಗಳಲ್ಲಿ ಕ್ಯಾಂಪಸ್ಸಿನೊಳಗಿನ ಅಭ್ಯಾಸ ಮೈದಾನ, ಅಂದರೆ ಚಿಂಗ್ ಸಂಕೀರ್ಣವನ್ನು ಸುಮಾರು 9,000 ಆಸನಗಳಿಗೆ ಹಿಗ್ಗಿಸಿ 2021ರಿಂದ ಅಲ್ಲೇ ಫುಟ್‌ಬಾಲ್ ಆಡಿಸಿತು. 2023ರಲ್ಲಿ ಆಸನಗಳನ್ನು ಇನ್ನಷ್ಟು ಹೆಚ್ಚಿಸಲಾಯಿತು. ಆದರೂ 50,000 ಎಲ್ಲಿ, ಇದೆಲ್ಲಿ? ಟಿಕೆಟ್ ಆದಾಯಕ್ಕೆ ಬಿದ್ದ ಪೆಟ್ಟನ್ನು ನೀವೇ ಊಹಿಸಬಹುದು.

ಕಾರವಾರ, ಮಲ್ಪೆಯಂಥ ಕಡೆ ಬಣ್ಣವಿಲ್ಲದ ವೆದರಿಂಗ್ ಸ್ಟೀಲ್ ಬೇಡವೇ ಬೇಡ. ಹಾಟ್ ಡಿಪ್ ಗ್ಯಾಲ್ವನೈಸಿಂಗ್ ಮಾಡಿಸಿ, ಅಂದರೆ ಉಕ್ಕನ್ನು ಕರಗಿದ ಸತುವಿನಲ್ಲಿ ಅದ್ದಿಸಿ. 6 ಮಿ.ಮೀ.ಗಿಂತ ದಪ್ಪದ ಉಕ್ಕಿಗೆ ಸತುವಿನ ಲೇಪ ಸರಾಸರಿ 85 ಮೈಕ್ರಾನ್ ಇದೆಯೇ ಎಂದು ಗೇಜಿನಿಂದ ಅಳೆಸಿ, ಅದರ ಮೇಲೆ ಎಪಾಕ್ಸಿ ಬಣ್ಣ ಹಾಕಿಸಿ. ಬೆಸುಗೆಯನ್ನೆಲ್ಲ ಅದ್ದುವ ಮೊದಲೇ ಮುಗಿಸಬೇಕು. ನಿವೇಶನದಲ್ಲಿ ಬೆಸೆದರೆ ಆ ಜಾಗದ ಸತು ಸುಟ್ಟುಹೋಗುತ್ತದೆ. ಅಡ್ಡತೊಲೆಗಳಲ್ಲಿ ನೀರು ನಿಲ್ಲದಂತೆ ರಂಧ್ರ ಮತ್ತು ಇಳಿಜಾರು ಕೊಡಿ, ಸಂದುಗಳನ್ನು ಮುಚ್ಚಿ. ಮುಖ್ಯವಾಗಿ ಮಳೆಗೆ ನೆನೆಯದ ಅಡಿಭಾಗವನ್ನು ಸಿಹಿನೀರಿನಲ್ಲಿ ಆಗಾಗ ತೊಳೆಸಿ. ಮೇಲ್ಭಾಗದ ಉಪ್ಪನ್ನು ಮಳೆ ತೊಳೆಯುತ್ತದೆ, ಕಟ್ಟೆಯ ಅಡಿಯ ಉಪ್ಪು ವರ್ಷಗಟ್ಟಲೆ ಕೂತಿರುತ್ತದೆ.

ಪ್ರಶ್ನೆ: ಹುಡುಗಿಯರ ವಾಲಿಬಾಲ್‌ಗೆ ಅಲ್ಲಿ ಸಾವಿರಾರು ಜನ ಟಿಕೆಟ್ ಕೊಂಡು ಬರುತ್ತಾರೆ ಎಂಬುದು ನಿಜವೇ? ಅದು ಹೇಗೆ ಸಾಧ್ಯವಾಯಿತು? (ದೈಹಿಕ ಶಿಕ್ಷಣ ಶಿಕ್ಷಕಿ, ಹಾಸನ)

ನಿಜ, ಮೇಡಂ. 10,300 ಆಸನಗಳ ಸ್ಟ್ಯಾನ್ ಷೆರಿಫ್ ಸೆಂಟರ್ 1994ರಲ್ಲಿ ತೆರೆದ ಮೇಲೆ ಬಹಳ ವರ್ಷ ಇಡೀ ಅಮೆರಿಕದಲ್ಲಿ ಮಹಿಳಾ ಕಾಲೇಜು ವಾಲಿಬಾಲ್‌ಗೆ ಅತಿ ಹೆಚ್ಚು ಜನ ಸೇರುತ್ತಿದ್ದದ್ದು ಹವಾಯಿಯಲ್ಲೇ.

ಇದರ ಹಿಂದೆ ಒಂದು ಕಾನೂನಿದೆ, ಆ ಕಾನೂನಿನ ಹಿಂದೆ ಇದೇ ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿನಿ ಇದ್ದಾರೆ. ಪ್ಯಾಟ್ಸಿ ಮಿಂಕ್ 1927ರಲ್ಲಿ ಮಾವಿ ದ್ವೀಪದಲ್ಲಿ ಹುಟ್ಟಿ, 1948ರಲ್ಲಿ ಇಲ್ಲಿ ಪದವಿ ಪಡೆದರು. ವೈದ್ಯೆಯಾಗುವ ಆಸೆ ಇತ್ತು. ಯಾವ ವೈದ್ಯಕೀಯ ಕಾಲೇಜೂ ಸೇರಿಸಿಕೊಳ್ಳಲಿಲ್ಲ. ಕಾನೂನು ಓದಿ, 1964ರಲ್ಲಿ ಅಮೆರಿಕ ಸಂಸತ್ತಿಗೆ ಆಯ್ಕೆಯಾದರು. ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆ ಹೆಣ್ಣು ಗಂಡೆಂದು ಭೇದ ಮಾಡಬಾರದು ಎಂಬ 1972ರ 'ಟೈಟಲ್ ನೈನ್' ಕಾನೂನನ್ನು ರೂಪಿಸಿದವರಲ್ಲಿ ಅವರು ಪ್ರಮುಖರು. 2002ರಲ್ಲಿ ಅವರು ತೀರಿಕೊಂಡ ಮೇಲೆ ಆ ಕಾನೂನಿಗೆ ಅವರದೇ ಹೆಸರಿಟ್ಟರು. ಕಾನೂನು ಬಂದ ವರ್ಷವೇ ಹವಾಯಿ ವಿಶ್ವವಿದ್ಯಾಲಯದಲ್ಲಿ ಡಾನಿಸ್ ಥಾಂಪ್ಸನ್ ಮಹಿಳಾ ಕ್ರೀಡೆಯ ಮೊದಲ ನಿರ್ದೇಶಕಿಯಾದರು.

1975ರಲ್ಲಿ ಡೇವ್ ಶೋಜಿ ಕೋಚ್ ಆದರು, 2016ರ ಸೀಸನ್ ಮುಗಿಯುವವರೆಗೂ ಇದ್ದರು, 1,202 ಪಂದ್ಯ ಗೆಲ್ಲಿಸಿದರು. 1979, 1982, 1983, 1987ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಬಂತು. ಒಬ್ಬರೇ ಕೋಚ್ ನಾಲ್ಕು ದಶಕ ನಿಂತದ್ದು, ಸ್ಥಳೀಯ ಶಾಲೆಗಳ ಹುಡುಗಿಯರನ್ನು ಬೆಳೆಸಿದ್ದು, ಪಂದ್ಯಗಳು ಸ್ಥಳೀಯ ಟಿವಿಯಲ್ಲಿ ನೇರ ಬಂದದ್ದು ಒಟ್ಟಾಗಿ ಕೆಲಸ ಮಾಡಿದವು. ಕಡಲತೀರದಲ್ಲಿ ವಾಲಿಬಾಲ್ ಆಡುತ್ತಲೇ ಬೆಳೆದ ಜನ, ಆಟ ಬಲ್ಲ ಪ್ರೇಕ್ಷಕರು. ಒಳ್ಳೆಯ ಡಿಗ್‌ಗೂ (ನೆಲಕ್ಕೆ ಬೀಳಲಿದ್ದ ಚೆಂಡನ್ನು ಎತ್ತಿ ಉಳಿಸುವುದಕ್ಕೂ) ಚಪ್ಪಾಳೆ ಬರುತ್ತದೆ.

ಪುರುಷರ ತಂಡವೂ ಹಿಂದೆ ಬಿದ್ದಿಲ್ಲ. ಚಾರ್ಲಿ ವೇಡ್ ಕೋಚ್ ಆಗಿ 2021 ಮತ್ತು 2022ರಲ್ಲಿ ಸತತ ಎರಡು ಬಾರಿ ರಾಷ್ಟ್ರೀಯ ಪ್ರಶಸ್ತಿ ಬಂತು. 2002ರಲ್ಲೂ ಗೆದ್ದಿದ್ದರು. ಆದರೆ ತಂಡದ ಒಬ್ಬ ಆಟಗಾರ ಕಾಲೇಜಿಗೆ ಬರುವ ಮೊದಲು ತನ್ನ ದೇಶದಲ್ಲಿ ವೃತ್ತಿಪರ ತಂಡದೊಡನೆ ಆಡಿದ್ದು ಹೊರಬಿದ್ದು ಆ ಪ್ರಶಸ್ತಿ ರದ್ದಾಯಿತು. ಹೊರದೇಶದಿಂದ ಹೋಗುವವರು ಇದನ್ನು ಚೆನ್ನಾಗಿ ನೆನಪಿಡಬೇಕು. ಮುಂದಿನ ಉತ್ತರಗಳಲ್ಲಿ ಮತ್ತೆ ಈ ವಿಷಯ ಬರುತ್ತದೆ.

ಪ್ರಶ್ನೆ: ಅಲ್ಲಿ ಕ್ರಿಕೆಟ್, ಕಬಡ್ಡಿ, ಬ್ಯಾಡ್ಮಿಂಟನ್ ಕೋಟಾ ಇದೆಯೇ? (ಹಲವರು)

ಇಲ್ಲ. ಇವು ಎನ್‌ಸಿಎಎ ಆಟಗಳೇ ಅಲ್ಲ. ಹಾಕಿ ಕೆಲವು ಕಾಲೇಜುಗಳಲ್ಲಿ ಹುಡುಗಿಯರಿಗಿದೆ, ಹವಾಯಿಯಲ್ಲಿಲ್ಲ. ಅಥ್ಲೆಟಿಕ್ಸ್ ಮಾನೋವಾದಲ್ಲಿ ಮಹಿಳೆಯರಿಗೆ ಮಾತ್ರ. ಓಟಗಾರ ಹುಡುಗರು ಬೇರೆ ವಿಶ್ವವಿದ್ಯಾಲಯ ನೋಡಬೇಕು. ಕರ್ನಾಟಕದ ಮಕ್ಕಳಿಗೆ ಹೊಂದುವುದು ಈಜು, ಟೆನಿಸ್, ಗಾಲ್ಫ್, ವಾಲಿಬಾಲ್.

ಪ್ರಶ್ನೆ: ಮಗಳು ರಾಜ್ಯಮಟ್ಟದ ಈಜುಗಾರ್ತಿ, ಈಗ 10ನೇ ತರಗತಿ. ಹವಾಯಿಯಂಥ ವಿಶ್ವವಿದ್ಯಾಲಯದಲ್ಲಿ ಈಜಿನ ಸ್ಕಾಲರ್‌ಶಿಪ್ ಸಿಗಬೇಕಾದರೆ ಏನೇನು ಮಾಡಬೇಕು? (ಪೋಷಕರು, ಮಂಗಳೂರು ಮತ್ತು ಪುತ್ತೂರು)

10ನೇ ತರಗತಿಯಲ್ಲೇ ಕೇಳಿದ್ದು ಒಳ್ಳೆಯದಾಯಿತು. 12ರ ನಂತರ ಕೇಳಿದ್ದರೆ ಕೆಲವು ಬಾಗಿಲು ಮುಚ್ಚಿರುತ್ತಿದ್ದವು.

ಮೊದಲು ಕೊಳದ ಅಳತೆ ಅರ್ಥ ಮಾಡಿಕೊಳ್ಳಿ. ನಮ್ಮ ರಾಷ್ಟ್ರೀಯ ಕೂಟಗಳು 50 ಮೀಟರ್ ಕೊಳದಲ್ಲಿ. ಅಮೆರಿಕದ ಕಾಲೇಜು ಸ್ಪರ್ಧೆಗಳು 25 ಗಜದ ಕೊಳದಲ್ಲಿ, ಅಂದರೆ 22.86 ಮೀಟರ್. 100 ಮೀಟರ್‌ಗೆ ನಿಮ್ಮ ಮಗಳು ಒಂದು ಸಲ ತಿರುಗಿದರೆ, ಅಲ್ಲಿ 100 ಗಜಕ್ಕೆ ಮೂರು ಸಲ ತಿರುಗಬೇಕು. ಪ್ರತಿ ತಿರುವಿನ ನಂತರ ನೀರಿನಡಿ 15 ಮೀಟರ್‌ವರೆಗೆ ಡಾಲ್ಫಿನ್ ಕಿಕ್‌ನಲ್ಲಿ ಹೋಗಬಹುದಾದ್ದರಿಂದ (ಬ್ರೆಸ್ಟ್‌ಸ್ಟ್ರೋಕ್‌ಗೆ ಈ ಸೌಲಭ್ಯವಿಲ್ಲ) ಸ್ಪರ್ಧೆಯ ಅರ್ಧಕ್ಕೂ ಹೆಚ್ಚು ದೂರ ನೀರಿನಡಿಯೇ ಕಳೆಯಬಹುದು. ದೊಡ್ಡ ಕೊಳದಲ್ಲಿ ಬೆಳೆದ ನಮ್ಮ ಮಕ್ಕಳು ಹಿಂದೆ ಬೀಳುವುದು ಕೈಬೀಸಿನಲ್ಲಲ್ಲ, ತಿರುವಿನಲ್ಲಿ ಮತ್ತು ನೀರಿನಡಿಯ ಕಿಕ್‌ನಲ್ಲಿ. ಇನ್ನೆರಡು ವರ್ಷ ಅದಕ್ಕೇ ಪ್ರತ್ಯೇಕ ಸಮಯ ಕೊಡಿಸಿ. ದೂರದ ಸ್ಪರ್ಧೆಗಳೂ ಬೇರೆ: 400 ಮೀಟರ್ ಜಾಗದಲ್ಲಿ 500 ಗಜ, 1500 ಮೀಟರ್ ಜಾಗದಲ್ಲಿ 1650 ಗಜ. ಸ್ಥೂಲ ಲೆಕ್ಕಕ್ಕೆ, 50 ಮೀಟರ್ ಕೊಳದ 100 ಮೀಟರ್ ಫ್ರೀಸ್ಟೈಲ್ ಸಮಯವನ್ನು ಸುಮಾರು 1.14ರಿಂದ ಭಾಗಿಸಿದರೆ ಗಜದ ಸಮಯ ಸಿಗುತ್ತದೆ. 60 ಸೆಕೆಂಡ್ ಇದ್ದರೆ 52.6ರ ಆಸುಪಾಸು. ಆದರೆ ಕೋಚ್‌ಗೆ ಬರೆಯುವಾಗ ಪರಿವರ್ತಿಸಿದ ಸಮಯ ಮಾತ್ರ ಕೊಡಬೇಡಿ. ನಿಜವಾದ ಸಮಯ, ಕೊಳದ ಅಳತೆ, ಕೂಟದ ಹೆಸರು, ದಿನಾಂಕ ಕೊಡಿ. ಲೆಕ್ಕ ಅವರೇ ಹಾಕುತ್ತಾರೆ. ಆಮೇಲೆ ಆ ವಿಶ್ವವಿದ್ಯಾಲಯ ಸೇರುವ ಕೂಟದ ಹಿಂದಿನ ವರ್ಷದ ಫಲಿತಾಂಶ ನೋಡಿ. ಮಗಳ ಸಮಯ ಅಂತಿಮ ಸುತ್ತಿನ ಸನಿಹದಲ್ಲಿದ್ದರೆ ಕೋಚ್ ಆಸಕ್ತಿ ತೋರಿಸುತ್ತಾರೆ. ರಾಜ್ಯದ ಪದಕಕ್ಕಿಂತ ಸೆಕೆಂಡುಗಳೇ ಅವರಿಗೆ ಮುಖ್ಯ.

ಓದಿನ ಅರ್ಹತೆಯನ್ನು ನೋಡುವುದು ಎನ್‌ಸಿಎಎ ಅರ್ಹತಾ ಕೇಂದ್ರ. 9ನೇ ತರಗತಿಯಿಂದ 12ರವರೆಗಿನ 16 ಮುಖ್ಯ ವಿಷಯಗಳನ್ನು ಎಣಿಸುತ್ತಾರೆ: ಇಂಗ್ಲಿಷ್ 4 ವರ್ಷ, ಗಣಿತ 3, ವಿಜ್ಞಾನ 2, ಈ ಮೂರರಲ್ಲಿ ಇನ್ನೊಂದು 1, ಸಮಾಜ ವಿಜ್ಞಾನ 2, ಇತರ 4. ಇವುಗಳ ಸರಾಸರಿ ಅವರ ಅಳತೆಯಲ್ಲಿ ಕನಿಷ್ಠ 2.3 ಇರಬೇಕು. ಪಿಯುಸಿ ವಿಜ್ಞಾನ ತೆಗೆದುಕೊಂಡರೆ ಸಮಾಜ ವಿಜ್ಞಾನ ಇರುವುದಿಲ್ಲ, ಆ ಎರಡು ವರ್ಷ 9 ಮತ್ತು 10ರಿಂದಲೇ ಬರಬೇಕು. ಹಾಗಾಗಿ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಒಂದೇ ಸಾಲದು. ನಮ್ಮ ಶಾಲೆಗಳು ಅಷ್ಟಾಗಿ ಜೋಪಾನ ಮಾಡದ 9ನೇ ತರಗತಿಯ ಅಂಕಪಟ್ಟಿಯನ್ನೂ ಈಗಲೇ ಮೊಹರು ಸಹಿತ ಪಡೆದಿಡಿ. ಕನ್ನಡದಲ್ಲಿ ಮಾತ್ರ ಇರುವ ದಾಖಲೆಗೆ ಇಂಗ್ಲಿಷ್ ಅನುವಾದ ಬೇಕು. ಈ ವಿಷಯಗಳನ್ನು 9ನೇ ತರಗತಿ ಸೇರಿದಂದಿನಿಂದ ನಾಲ್ಕು ವರ್ಷದಲ್ಲಿ ಮುಗಿಸಬೇಕೆಂಬ ನಿಯಮವಿದೆ. ನೀಟ್‌ಗಾಗಿ ಒಂದು ವರ್ಷ ಬಿಡುವುದು, ಪರೀಕ್ಷೆ ಮತ್ತೆ ಕಟ್ಟುವುದು ಇಲ್ಲಿ ತೊಡಕಾಗುತ್ತದೆ. ಪಿಯುಸಿ ಮುಗಿದ ಮೇಲೆ ವರ್ಷಗಟ್ಟಲೆ ಸ್ಪರ್ಧಿಸುತ್ತಾ ಕಾದರೂ ಆಡುವ ಸೀಸನ್‌ಗಳು ಕಡಿತವಾಗಬಹುದು. ಟೆನಿಸ್‌ನವರಿಗೆ ಈ ಗಡುವು ಇನ್ನೂ ಕಿರಿದು. ಎಸ್‌ಎಟಿ ಎಂಬ ಕಾಲೇಜು ಪ್ರವೇಶ ಪರೀಕ್ಷೆಯ ಅಂಕ 2023ರಿಂದ ಅರ್ಹತೆಗೆ ಬೇಕಿಲ್ಲ. ಟೋಫೆಲ್ ಅಥವಾ ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆ ಪ್ರವೇಶಕ್ಕೆ ಬೇಕಾಗುವುದರಿಂದ ಪಿಯುಸಿಯಲ್ಲೇ ಸಿದ್ಧತೆ ನಡೆಸಿ.

ಕೋಚ್‌ಗೆ ಪತ್ರ ಯಾವಾಗ ಬೇಕಾದರೂ ಬರೆಯಬಹುದು. ಆದರೆ ಈಜೂ ಸೇರಿದಂತೆ ಹೆಚ್ಚಿನ ಆಟಗಳಲ್ಲಿ ಅವರು ಉತ್ತರಿಸಬಹುದಾದದ್ದು 10ನೇ ತರಗತಿ ಮುಗಿದ ವರ್ಷದ ಜೂನ್ 15ರ ನಂತರ. ಮೊದಲು ಉತ್ತರ ಬರಲಿಲ್ಲವೆಂದು ಬೇಸರಿಸಬೇಡಿ. ಪತ್ರವನ್ನು ಅಪ್ಪನೋ ಏಜೆಂಟೋ ಬರೆಯುವುದಕ್ಕಿಂತ ಮಗಳೇ ಬರೆದರೆ ಉತ್ತಮ. ಒಂದು ಪುಟ ಸಾಕು: ಸಮಯಗಳು, ಎತ್ತರ, ಓದುತ್ತಿರುವ ವಿಷಯ ಮತ್ತು ಅಂಕ, ಎರಡು ನಿಮಿಷದೊಳಗಿನ ವಿಡಿಯೊ. ವಿಡಿಯೊದಲ್ಲಿ ಸ್ಟಾರ್ಟ್, ತಿರುವು, ನೀರಿನಡಿಯ ಕಿಕ್ ಪಕ್ಕದಿಂದ ಕಾಣಬೇಕು. ಹಿನ್ನೆಲೆ ಸಂಗೀತ ಬೇಡ.

ಹಣದ ವಿಷಯ ನೇರವಾಗಿ ಹೇಳುತ್ತೇವೆ. ಈಜಿಗೆ ಪೂರ್ಣ ಸ್ಕಾಲರ್‌ಶಿಪ್ ಅಪರೂಪ. ಬಹುಕಾಲ ಎನ್‌ಸಿಎಎ ಮಿತಿ ಇಡೀ ಮಹಿಳಾ ತಂಡಕ್ಕೆ 14, ಪುರುಷರ ತಂಡಕ್ಕೆ 9.9 ಇತ್ತು, ಅದನ್ನೇ ಎರಡು ಡಜನ್ ಈಜುಗಾರರಿಗೆ ತುಂಡು ತುಂಡಾಗಿ ಹಂಚುತ್ತಿದ್ದರು. ಎನ್‌ಸಿಎಎ ಮೇಲೆ ಆಟಗಾರರು ಹೂಡಿದ್ದ ದಾವೆಯಲ್ಲಿ ಆದ 2025ರ ನ್ಯಾಯಾಲಯದ ಒಪ್ಪಂದದ ನಂತರ, ಅದಕ್ಕೆ ಸೇರಿದ ವಿಶ್ವವಿದ್ಯಾಲಯಗಳಲ್ಲಿ ಆ ಮಿತಿ ಹೋಗಿ ತಂಡದ ಸಂಖ್ಯೆಗೇ ಮಿತಿ ಬಂದಿದೆ. ಆದರೆ ಹಣದ ಚೀಲ ದೊಡ್ಡದಾಗಿಲ್ಲ. ಮಾನೋವಾದಲ್ಲಿ ಇತ್ತೀಚೆಗೆ ಹೊರಗಿನವರ ಬೋಧನಾ ಶುಲ್ಕವೇ ವರ್ಷಕ್ಕೆ ಸುಮಾರು 33,000 ಡಾಲರ್, ಸ್ಥಳೀಯರಿಗೆ ಅದರ ಮೂರನೇ ಒಂದು ಭಾಗ. ಊಟ, ವಸತಿ ಬೇರೆ, ದ್ವೀಪದಲ್ಲಿ ಎಲ್ಲವೂ ದುಬಾರಿ. ಆದ್ದರಿಂದ ಕೋಚ್ ಶೇಕಡಾವಾರು ಹೇಳಿದರೆ ಶೇಕಡಾ ಯಾವುದರ ಮೇಲೆ, ಬೋಧನಾ ಶುಲ್ಕದ ಮೇಲೋ ಒಟ್ಟು ಖರ್ಚಿನ ಮೇಲೋ ಎಂದು ಕೇಳಿ. ಒಂದು ವರ್ಷಕ್ಕೋ ನಾಲ್ಕು ವರ್ಷಕ್ಕೋ, ಭುಜದ ಗಾಯವಾದರೆ ಏನು ಎಂದೂ ಕೇಳಿ. ಇಂಥ ಕಾಲೇಜಿಗೇ ಸೇರುತ್ತೇನೆಂದು ಆಟಗಾರರು ಸಹಿ ಹಾಕುತ್ತಿದ್ದ 'ಲೆಟರ್ ಆಫ್ ಇಂಟೆಂಟ್' 2024ರ ಅಕ್ಟೋಬರ್‌ನಲ್ಲಿ ರದ್ದಾಗಿದೆ. ಈಗ ಹಣಕಾಸು ನೆರವಿನ ಲಿಖಿತ ಒಪ್ಪಂದವೇ ಆಧಾರ. ಬಾಯಿಮಾತಿನ ಭರವಸೆಗೆ ಬೆಲೆಯಿಲ್ಲ. ಸ್ಕಾಲರ್‌ಶಿಪ್ ಮೊತ್ತದಲ್ಲಿ ಇಂತಿಷ್ಟು ಪಾಲು ಕೊಡಿ ಎನ್ನುವ ಏಜೆಂಟರನ್ನು ಬಾಗಿಲಲ್ಲೇ ಕಳಿಸಿಬಿಡಿ. ಅಂಥ ಒಪ್ಪಂದ ಎನ್‌ಸಿಎಎ ನಿಯಮಕ್ಕೇ ವಿರುದ್ಧ, ಮಗಳ ಅರ್ಹತೆಗೇ ಕುತ್ತು ತರುತ್ತದೆ.

ಸೇರಿದ ಮೇಲೆ ವಾರಕ್ಕೆ 20 ಗಂಟೆ, ದಿನಕ್ಕೆ 4 ಗಂಟೆ ಮೀರದ ತರಬೇತಿ, ವಾರಕ್ಕೊಂದು ದಿನ ರಜೆ. ಪ್ರತಿ ಸೆಮಿಸ್ಟರ್‌ಗೆ ಕನಿಷ್ಠ 12 ಕ್ರೆಡಿಟ್ ಓದಬೇಕು. ಎರಡನೇ ವರ್ಷದ ಕೊನೆಗೆ ಪದವಿಯ 40%, ಮೂರನೇ ವರ್ಷಕ್ಕೆ 60% ಮುಗಿದಿರಬೇಕು. ಮಧ್ಯದಲ್ಲಿ ವಿಷಯ ಬದಲಿಸಿದರೆ ಈ ಲೆಕ್ಕ ಕೆಡುತ್ತದೆ. ಹಾಗಾಗಿ ಯಾವ ಪದವಿ ಎಂಬುದನ್ನು ಮೊದಲೇ ಯೋಚಿಸಿ. ಅಭ್ಯಾಸ ನಡೆಯುವ ಕೊಳಕ್ಕೆ 1912 ಮತ್ತು 1920ರ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಫ್ರೀಸ್ಟೈಲ್ ಚಿನ್ನ ಗೆದ್ದ ಹವಾಯಿಯ ಡ್ಯೂಕ್ ಕಹಾನಮೋಕು ಅವರ ಹೆಸರಿದೆ. ತೆರೆದ ಕೊಳ, ವರ್ಷವಿಡೀ ಹೊರಗೇ ಈಜು. ಮಂಗಳೂರಿನ ಹುಡುಗಿಗೆ ಹವೆ ಅಪರಿಚಿತ ಅನಿಸದು.

ಪ್ರಶ್ನೆ: ಈಗ ಅಮೆರಿಕದ ಕಾಲೇಜು ಆಟಗಾರರು ಜಾಹೀರಾತಿನಲ್ಲಿ ಹಣ ಗಳಿಸುತ್ತಾರಂತೆ. ಭಾರತದಿಂದ ಹೋದವರಿಗೂ ಅದು ಸಾಧ್ಯವೇ? ಇಲ್ಲಿ ಪಡೆದ ಬಹುಮಾನದ ಹಣದಿಂದ ತೊಂದರೆ ಇದೆಯೇ? (ವಾಲಿಬಾಲ್ ಆಟಗಾರ, ಮೈಸೂರು)

ಎರಡೂ ಬೇರೆ ಬೇರೆ ಕಾನೂನಿನ ವಿಷಯ, ಬೆರೆಸಬೇಡಿ. ಹೆಸರು ಮತ್ತು ಚಿತ್ರ ಬಳಸಿ ಗಳಿಸಲು ಎನ್‌ಸಿಎಎ 2021ರಿಂದ ಬಿಟ್ಟಿದೆ. ಆದರೆ ನೀವು ಹೋಗುವುದು ಎಫ್-1 ವಿದ್ಯಾರ್ಥಿ ವೀಸಾದಲ್ಲಿ; ಅದು ಅಮೆರಿಕದ ನೆಲದಲ್ಲಿ ಅನುಮತಿಯಿಲ್ಲದೆ ದುಡಿಯುವುದನ್ನು ತಡೆಯುತ್ತದೆ. ಅಂಗಡಿ ಉದ್ಘಾಟನೆಗೆ ಹೋಗಿ ಹಣ ಪಡೆದರೆ, ಹೊನೊಲುಲುವಿನಲ್ಲಿ ಕೂತು ಹಣಕ್ಕಾಗಿ ಪೋಸ್ಟ್ ಹಾಕಿದರೆ ಎನ್‌ಸಿಎಎಗೆ ಸರಿ, ವೀಸಾಕ್ಕೆ ಅಪಾಯ. ಸಹ ಆಟಗಾರರು ಮಾಡುತ್ತಿದ್ದಾರೆಂದು ನೀವು ಮಾಡಬೇಡಿ. ಸಹಿ ಹಾಕುವ ಮೊದಲು ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯನ್ನೂ ವಲಸೆ ಕಾನೂನಿನ ವಕೀಲರನ್ನೂ ಕೇಳಿ. ಕೋಚ್ ಹೇಳಿದರು ಎಂಬುದು ಸಾಲದು.

ಬಹುಮಾನದ ಹಣಕ್ಕೆ ಸಂಬಂಧಿಸಿ, ಪ್ರತಿ ಟೂರ್ನಿಯ ರಸೀದಿ, ಪ್ರಯಾಣ ಮತ್ತು ವಸತಿ ಖರ್ಚಿನ ಬಿಲ್ಲು, ಕ್ಲಬ್ ಅಥವಾ ಲೀಗ್ ಜೊತೆಗಿನ ಒಪ್ಪಂದದ ಪ್ರತಿ ಇಟ್ಟುಕೊಳ್ಳಿ. ಖರ್ಚಿನಷ್ಟೇ ಹಣ ಪಡೆದದ್ದಕ್ಕೂ ಅದಕ್ಕೆ ಮೀರಿ ಪಡೆದದ್ದಕ್ಕೂ ನಿಯಮದಲ್ಲಿ ವ್ಯತ್ಯಾಸವಿದೆ. ಫ್ರಾಂಚೈಸಿ ಲೀಗಿನ ಹರಾಜಿಗೆ ಹೆಸರು ಕೊಡುವ ಮೊದಲೇ ಅರ್ಹತಾ ಕೇಂದ್ರದ ನಿಯಮ ಓದಿ. ಈ ನಿಯಮಗಳು ಇತ್ತೀಚೆಗೆ ವರ್ಷ ವರ್ಷಕ್ಕೂ ಬದಲಾಗುತ್ತಿವೆ, ನೀವು ಸೇರುವ ವರ್ಷದ ಪಠ್ಯವನ್ನೇ ನೋಡಬೇಕು. ಹವ್ಯಾಸಿ ಸ್ಥಾನಮಾನದ ಅರ್ಜಿಯಲ್ಲಿ ಪಡೆದದ್ದನ್ನೆಲ್ಲ ಬರೆಯಿರಿ. ಮೊದಲೇ ಹೇಳಿದರೆ ಹೆಚ್ಚೆಂದರೆ ಕೆಲವು ಪಂದ್ಯಗಳ ನಿಷೇಧವೋ ಮೊತ್ತ ಮರಳಿಸುವುದೋ ಆಗಬಹುದು. ಮುಚ್ಚಿಟ್ಟು ಆಮೇಲೆ ಹೊರಬಿದ್ದರೆ 2002ರ ತಂಡಕ್ಕೆ ಆದಂತೆ ಜೊತೆಗಾರರೆಲ್ಲರ ಪ್ರಶಸ್ತಿಯೂ ಹೋಗುತ್ತದೆ.